ಹಿಡಿಕೆಯ ಉದ್ದ, ಮೂಟೆಯ ತೂಕ

ಯಾವ ಕಾರ್ಖಾನೆಗೆ ಹೋದರೂ ಸುರಕ್ಷತಾ ಫಲಕಗಳ ಸಾಲಿನಲ್ಲಿ ಆ ಚಿತ್ರ ಕಾಣಿಸುತ್ತದೆ. ಎಡಗಡೆ ಒಬ್ಬ ಸೊಂಟ ಬಗ್ಗಿಸಿ ಪೆಟ್ಟಿಗೆ ಎತ್ತುತ್ತಿದ್ದಾನೆ. ಅವನ ಮೇಲೆ ಕೆಂಪು ಗೀಟು. ಬಲಗಡೆ ಇನ್ನೊಬ್ಬ ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಟ್ಟು ಅದೇ ಪೆಟ್ಟಿಗೆ ಎತ್ತುತ್ತಿದ್ದಾನೆ. ಅವನಿಗೆ ಹಸಿರು ಗುರುತು. ಸುರಕ್ಷತಾ ಸಪ್ತಾಹ ಬಂದಾಗ ಯಾರೋ ಒಬ್ಬರು ಬಂದು ಅದನ್ನೇ ಮಾಡಿ ತೋರಿಸುತ್ತಾರೆ, ಚಹಾ ಬಿಸ್ಕತ್ತು ಆಗುತ್ತದೆ, ಎಲ್ಲರೂ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಮತ್ತೆ ಮೊದಲಿನ ಹಾಗೆಯೇ ಎತ್ತಲು ಹೋಗುತ್ತಾರೆ. ಪೆಟ್ಟಿಗೆ ಎಷ್ಟು ಭಾರ, ಅದನ್ನು ನೆಲದ ಮೇಲೆ ಇಟ್ಟವರು ಯಾರು, ದಿನಕ್ಕೆ ಅಂಥವು ಎಷ್ಟು ಎತ್ತಬೇಕು, ಇದೊಂದೂ ಆ ಚಿತ್ರದಲ್ಲಿಲ್ಲ. ಸೊಂಟ ಉಳಿಸಿಕೊಳ್ಳುವ ಹೊಣೆಯನ್ನೆಲ್ಲ ಎತ್ತುವವನ ಮೊಣಕಾಲಿಗೆ ಕಟ್ಟಿ ಚಿತ್ರ ಸುಮ್ಮನಾಗಿದೆ.

ಇಂಥ ತರಬೇತಿಯಿಂದ ಸೊಂಟನೋವು ಕಡಿಮೆಯಾಗುತ್ತದೆಯೇ ಎಂದು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಅಂಚೆ ಇಲಾಖೆಯ ಸುಮಾರು 4,000 ನೌಕರರಲ್ಲಿ ಕೆಲವರಿಗೆ ತಜ್ಞರಿಂದ ಪಾಠ ಹೇಳಿಸಿ, ಉಳಿದವರನ್ನು ಹಾಗೆಯೇ ಬಿಟ್ಟು, ಹಲವು ವರ್ಷ ಗಮನಿಸಿದರು. 1997ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪ್ರಕಟಿಸಿದ ಫಲಿತಾಂಶ ನಿರಾಶೆಯದು: ಪಾಠ ಕೇಳಿದವರ ತಿಳಿವಳಿಕೆ ಹೆಚ್ಚಿತ್ತು, ಸೊಂಟದ ಪೆಟ್ಟು ಮಾತ್ರ ಕಡಿಮೆಯಾಗಿರಲಿಲ್ಲ. ಆಮೇಲೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆಯೂ ಎತ್ತುವ ವಿಧಾನ ಕಲಿಸುವುದರಿಂದಷ್ಟೇ ಸೊಂಟನೋವು ತಡೆದ ಪುರಾವೆ ಇಲ್ಲ ಎಂದಿತು. ಗೋದಾಮಿನ ಹುಡುಗರು ಹೆಮ್ಮೆಯಿಂದ ಬಿಗಿದುಕೊಳ್ಳುವ ಅಗಲದ ಬೆಲ್ಟಿನ ಕಥೆಯೂ ಇದೇ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ, ಅಂದರೆ ನಿಯೋಶ್, ದೊಡ್ಡ ಅಂಗಡಿಗಳ ಸಾವಿರಾರು ನೌಕರರನ್ನು ಹಿಂಬಾಲಿಸಿ 2000ದಲ್ಲಿ ಹೇಳಿದ್ದು: ಬೆಲ್ಟು ಕಟ್ಟಿದವರಿಗೂ ಕಟ್ಟದವರಿಗೂ ವ್ಯತ್ಯಾಸ ಕಾಣಲಿಲ್ಲ. ಕಾರ್ಮಿಕನ ಕೈಯಲ್ಲೇ ಇರುವ ಉಪಾಯಗಳಲ್ಲಿ ಸ್ವಲ್ಪ ಗಟ್ಟಿಯಾದ ಪುರಾವೆ ಇರುವುದು ನಿಯಮಿತ ವ್ಯಾಯಾಮಕ್ಕೆ. ಹತ್ತು ತಾಸು ಮೂಟೆ ಹೊತ್ತು ಬಂದವನಿಗೆ ಸಂಜೆ ವ್ಯಾಯಾಮ ಮಾಡು ಎನ್ನಲು ಬಾಯಿ ಬರಬೇಕಷ್ಟೆ.

ಹಾಗಾದರೆ ಸೊಂಟಕ್ಕೆ ಏಟು ಬೀಳುವುದು ಎಲ್ಲಿ? ಬೆನ್ನುಮೂಳೆಯ ಹಿಂದೆ ಉದ್ದಕ್ಕೂ ಹಬ್ಬಿದ ಸ್ನಾಯುಗಳು ಮೂಳೆಯ ನಡುವಿನಿಂದ ಸುಮಾರು 5 ಸೆಂ.ಮೀ. ದೂರದಲ್ಲಿ ನಿಂತು ಎಳೆಯುತ್ತವೆ. ಕೈಯಲ್ಲಿರುವ ಭಾರ 40 ಸೆಂ.ಮೀ. ಮುಂದಿರುತ್ತದೆ. ಒಂದು ತೋಳು ಎರಡು ಗೇಣು, ಇನ್ನೊಂದು ತೋಳು ಮೂರು ಬೆರಳು ಇರುವ ತಕ್ಕಡಿ ಇದು. ಅತ್ತ 20 ಕೆ.ಜಿ. ಇಟ್ಟರೆ ಇತ್ತ 160 ಕೆ.ಜಿ. ಬಲದಲ್ಲಿ ಎಳೆಯಬೇಕು. ಅಷ್ಟೇ ಅಲ್ಲ, ಬಗ್ಗಿದಾಗ ನಮ್ಮ ತಲೆ, ತೋಳು, ಎದೆ ಕೂಡ ಹೊರೆಯೇ. 60 ಕೆ.ಜಿ. ತೂಗುವ ಆಳಿನಲ್ಲಿ ಸೊಂಟದ ಮೇಲಿನ ಭಾಗ ಸುಮಾರು 30 ಕೆ.ಜಿ. ಎಂದುಕೊಂಡರೂ, ಪೂರ್ತಿ ಬಗ್ಗಿ ನಿಂತಾಗ ಅದೊಂದನ್ನೇ ತಡೆದು ಹಿಡಿಯಲು ಸ್ನಾಯುಗಳಿಗೆ 150 ಕೆ.ಜಿ.ಯಷ್ಟು ಶ್ರಮ. ಕೈ ಖಾಲಿ ಇದ್ದರೂ ಇದು ತಪ್ಪದು. ಎರಡೂ ಸೇರಿ 310. ಮೈಯ ಮತ್ತು ಸಾಮಾನಿನ ಸ್ವಂತ ತೂಕ ಕೂಡಿಸಿದರೆ, ಸೊಂಟದ ಡಿಸ್ಕಿನ ಮೇಲೆ ಇದಕ್ಕಿಂತ ಹೆಚ್ಚು ಒತ್ತಡ ಬೇಡ ಎಂದು ನಿಯೋಶ್ ಗೆರೆ ಎಳೆದಿರುವ ಸುಮಾರು 350 ಕೆ.ಜಿ.ಯ ಹತ್ತಿರಕ್ಕೆ ಬಂದೆವು. ಇದು ಒರಟು ಲೆಕ್ಕ. ಆದರೂ ದಾರಿ ತೋರಿಸುತ್ತದೆ.

ಈ ಲೆಕ್ಕದಲ್ಲಿ ಮೊಣಕಾಲು ಎಲ್ಲೂ ಬರಲಿಲ್ಲ, ಗಮನಿಸಿ. ಬಂದದ್ದು ದೂರ. ಪೆಟ್ಟಿಗೆ ಸಣ್ಣದಾಗಿ ಎರಡು ಕಾಲುಗಳ ನಡುವೆ ಹಿಡಿಸಿದರೆ ಕುಕ್ಕರಗಾಲಿನಲ್ಲಿ ಎತ್ತುವುದು ಒಳ್ಳೆಯದೇ. ಪೆಟ್ಟಿಗೆ ಅಗಲವಾಗಿದ್ದರೆ ಮಡಿಸಿದ ಮೊಣಕಾಲೇ ಅಡ್ಡ ಬಂದು ಭಾರ ಇನ್ನೂ ಮುಂದಕ್ಕೆ ಹೋಗುತ್ತದೆ. ಆಗ ಫಲಕದ ಹಸಿರು ಗುರುತಿನವನಿಗೇ ಹೆಚ್ಚು ಹೊಡೆತ. ಬಾವಿಯಿಂದ ನೀರು ತರುವ ಹೆಂಗಸು ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯುತ್ತಾಳೆ, ಕೈಚಾಚಿ ಹಿಡಿಯುವುದಿಲ್ಲ. ಅವಳಿಗೆ ಯಾರೂ ತರಬೇತಿ ಕೊಟ್ಟಿಲ್ಲ.

ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರವೊಂದಿದೆ. ಅದು 23 ಕೆ.ಜಿ.ಯಿಂದ ಶುರುವಾಗುತ್ತದೆ. ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ಸಾಮಾನು ಮೈಗೆ ತಾಗುವಷ್ಟು ಹತ್ತಿರ, ಕೈಬೆರಳ ಗೆಣ್ಣಿನ ಎತ್ತರದಲ್ಲಿ, ಹಿಡಿಯಲು ಹಿಡಿಕೆ, ಮೈ ತಿರುಚುವ ಅಗತ್ಯವಿಲ್ಲ, ಅಪರೂಪಕ್ಕೊಮ್ಮೆ ಎತ್ತುವುದು ಎಂದಾಗ ಮಾತ್ರ 23. ಒಂದೊಂದು ಅನುಕೂಲ ತಪ್ಪಿದಂತೆಲ್ಲ ಆ ಸಂಖ್ಯೆ ಇಳಿಯುತ್ತದೆ. ನಮ್ಮ ಸಿಮೆಂಟ್ ಚೀಲವನ್ನು ಇದಕ್ಕೆ ಹಾಕಿ ನೋಡಿ: ನೆಲದ ಮೇಲಿದೆ, ಅಗಲವಾದ್ದರಿಂದ ಕೈ 40 ಸೆಂ.ಮೀ. ಮುಂದೆ, ಹಿಡಿಕೆ ಇಲ್ಲ, ಎದೆಯೆತ್ತರದ ಲಾರಿಗೆ ಏರಿಸಬೇಕು. ಬರುವ ಉತ್ತರ ಸುಮಾರು 9 ಕೆ.ಜಿ. ಚೀಲದ ತೂಕ 50. ಅನುಮತಿಯ ಐದೂವರೆ ಪಟ್ಟು, ಅದೂ ಒಂದೇ ಒಂದು ಚೀಲ ಎಂದುಕೊಂಡಾಗ.

ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಹಮಾಲರು ಕೆಲಸ ಮಾಡುವುದನ್ನು ನಿಂತು ನೋಡಿದರೆ ಈ ಸೂತ್ರದ ಅರ್ಧ ಅವರಿಗೆ ಮೊದಲೇ ಗೊತ್ತಿದೆ ಅನ್ನಿಸುತ್ತದೆ. ಮೂಟೆಯನ್ನು ಒಬ್ಬನೇ ನೆಲದಿಂದ ಎತ್ತುವುದಿಲ್ಲ. ಇಬ್ಬರು ಎರಡು ಮೂಲೆ ಹಿಡಿದು, ಕೊಕ್ಕೆ ಹಾಕಿ ಎತ್ತಿ ಕೊಡುತ್ತಾರೆ. ಮೂರನೆಯವನು ಬೆನ್ನು ಕೊಟ್ಟು ಹೊರುತ್ತಾನೆ. ಮೂಟೆ ಹೆಗಲ ಮೇಲೆ, ಕತ್ತಿನ ಬುಡದಲ್ಲಿ, ಬೆನ್ನುಮೂಳೆಯ ನೇರಕ್ಕೆ ಕೂರುತ್ತದೆ. ಗಾರೆ ಕೆಲಸದ ಹೆಂಗಸರ ತಲೆಯ ಮೇಲಿನ ಸಿಂಬಿಯದ್ದೂ ಇದೇ ತರ್ಕ. ಭಾರ ಮುಂದಕ್ಕೆ ಹೋಗಬಾರದು. ಅಪಾಯ ಇರುವುದು ನಡೆಯುವಾಗಲ್ಲ, ಹೊರೆ ಏರುವಾಗ ಮತ್ತು ಇಳಿಯುವಾಗ. ಹಳೆಯ ದಾರಿಗಳ ಪಕ್ಕದಲ್ಲಿ ಎರಡು ಕಲ್ಲುಕಂಬ ನೆಟ್ಟು ಮೇಲೊಂದು ಅಡ್ಡಗಲ್ಲು ಹಾಸಿದ್ದನ್ನು ಕೆಲವರಾದರೂ ನೋಡಿರುತ್ತೀರಿ. ಹೊರೆಗಲ್ಲು. ತಲೆಹೊರೆಯವನು ಯಾರ ಸಹಾಯವೂ ಇಲ್ಲದೆ, ಬಗ್ಗದೆ, ಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಂಡು ಮತ್ತೆ ತಲೆಗೇರಿಸಿ ಹೊರಡುತ್ತಿದ್ದ. ನೆಲದಿಂದ ಎತ್ತುವ ಕೆಲಸವನ್ನೇ ಇಲ್ಲವಾಗಿಸಿದ ಕಲ್ಲು ಅದು. ಇವತ್ತು ಕೋಟಿಗಟ್ಟಲೆ ವಹಿವಾಟು ನಡೆಸುವ ಗೋದಾಮುಗಳಲ್ಲಿ ಚೀಲ ನೆಲದ ಮೇಲೆ ಬೀಳುತ್ತದೆ, ನೆಲದಿಂದಲೇ ಏಳುತ್ತದೆ. ಲಾರಿಯ ತಳದ ಎತ್ತರಕ್ಕೆ ಒಂದು ಕಟ್ಟೆ ಕಟ್ಟಿಸಿದರೆ ಸಾಕು ಎನ್ನುವುದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ.

50 ಕೆ.ಜಿ. ಎಂಬುದು ಎಲ್ಲಿಂದ ಬಂತು? ದೇಹದ ಅಳತೆಯಿಂದಂತೂ ಅಲ್ಲ. ಎರಡು ಚೀಲಕ್ಕೊಂದು ಕ್ವಿಂಟಾಲ್, ಇಪ್ಪತ್ತು ಚೀಲಕ್ಕೊಂದು ಟನ್. ಅದು ಲೆಕ್ಕ ಬರೆಯುವವನ ಅನುಕೂಲ. ಮೊದಲು ಇಡೀ ಕ್ವಿಂಟಾಲಿನ ಚೀಲವೇ ಇತ್ತು ಎನ್ನುವುದನ್ನು ನೆನೆದರೆ ಇದೇ ದೊಡ್ಡ ಸುಧಾರಣೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಒಬ್ಬ ಗಂಡಾಳು ಹೊರಬಹುದಾದ ಗರಿಷ್ಠ ಭಾರ 55 ಕೆ.ಜಿ. ಮೀರಬಾರದು ಎಂದು ಶಿಫಾರಸು ಮಾಡಿತ್ತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್, ಗಾಯವಾಗುವಷ್ಟು ಭಾರ ಹೊರಿಸಬಾರದು ಎಂದು ಹೇಳಿ ಮಿತಿ ಗೊತ್ತುಮಾಡುವುದನ್ನು ರಾಜ್ಯಗಳಿಗೆ ಬಿಟ್ಟಿತ್ತು. ಈಗ ಅದರ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಯುರೋಪಿನ ಹಲವು ದೇಶಗಳಲ್ಲಿ ಸಿಮೆಂಟ್ ಚೀಲ 25 ಕೆ.ಜಿ.ಗೆ ಇಳಿದಿದೆ. ಮನೆ ಕಟ್ಟುವುದು ಅಲ್ಲೇನೂ ನಿಂತಿಲ್ಲ.

ಆದರೆ ನಮ್ಮಲ್ಲಿ ನಾಳೆಯೇ ಚೀಲವನ್ನು 25ಕ್ಕೆ ಇಳಿಸಿದರೆ ಹಮಾಲ ಏನು ಮಾಡುತ್ತಾನೆ? ಒಟ್ಟಿಗೆ ಎರಡು ಹೊರುತ್ತಾನೆ. ಕೂಲಿ ಟನ್ನಿನ ಲೆಕ್ಕದಲ್ಲಿ ಇರುವವರೆಗೆ ಅದು ಅವನ ತಪ್ಪಲ್ಲ, ಅವನ ಗಣಿತ. ಚೀಲದ ತೂಕ ಇಳಿಸಿದ ದಿನವೇ ಕೂಲಿಯ ದರವೂ ಬದಲಾಗಬೇಕು. ಇಲ್ಲದಿದ್ದರೆ ಸುಧಾರಣೆ ಕಾಗದದಲ್ಲಿ ಉಳಿಯುತ್ತದೆ. ನನಗನ್ನಿಸುವಂತೆ ಇನ್ನೊಂದು ತುದಿಯಿಂದ ಹೋಗುವುದು ಹೆಚ್ಚು ಸುಲಭ. ರಾಸಾಯನಿಕ, ಖನಿಜಗಳ ಸಾಗಣೆಯಲ್ಲಿ ಒಂದು ಟನ್ನಿನ ಜಂಬೋ ಚೀಲಗಳು ಬಂದಿವೆ. ಅದನ್ನು ಎತ್ತಿ ನೋಡುವ ಆಸೆಯೂ ಯಾರಿಗೂ ಹುಟ್ಟುವುದಿಲ್ಲ, ಯಂತ್ರವೇ ಬರಬೇಕು. ಮನುಷ್ಯನ ಸೊಂಟ ಹಾಳಾಗುವುದು ನಡುವಿನ ತೂಕಗಳಲ್ಲಿ: ಕಷ್ಟಪಟ್ಟರೆ ಎತ್ತಬಹುದು ಎನ್ನಿಸುವ 40, 50, 60ರಲ್ಲಿ. ಅಡುಗೆ ಅನಿಲದ ತುಂಬಿದ ಸಿಲಿಂಡರ್ ಸುಮಾರು 30 ಕೆ.ಜಿ.; ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಅದನ್ನು ಹೆಗಲ ಮೇಲೆ ತರುವ ಹುಡುಗನಿಗೆ ನಾವು ಕೊಡುವ ಇಪ್ಪತ್ತು ರೂಪಾಯಿ ಅವನ ಡಿಸ್ಕಿನ ಬಾಡಿಗೆ. ನಮ್ಮದೇ ಮನೆಯಲ್ಲಿ, ಕಚೇರಿಯಲ್ಲಿ 20 ಲೀಟರಿನ ನೀರಿನ ಕ್ಯಾನ್ ಇದೆಯಲ್ಲ, ಅದನ್ನು ನೆಲದಿಂದ ಎತ್ತಿ, ಮೈ ತಿರುಚಿ, ತಲೆಕೆಳಗು ಮಾಡಿ ಸ್ಟ್ಯಾಂಡಿಗೆ ಕೂರಿಸುವುದು ನಿಯೋಶ್ ಬೇಡವೆಂದ ಎಲ್ಲವನ್ನೂ ಒಂದೇ ಚಲನೆಯಲ್ಲಿ ಮಾಡಿ ಮುಗಿಸುವ ಕಲೆ. ಕ್ಯಾನಿನ ಬಾಯಿಗೆ ಸಿಕ್ಕಿಸುವ ಪಂಪು ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಕ್ಯಾನ್ ಇದ್ದಲ್ಲೇ ಇರುತ್ತದೆ.

ಸಲಕರಣೆ ಬದಲಾಯಿಸಿ ಸೊಂಟ ಉಳಿಸಿದ ಅತ್ಯಂತ ದೊಡ್ಡ ಜಗಳ ನಡೆದದ್ದು ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ. ಲೆಟ್ಯೂಸ್, ಸಕ್ಕರೆ ಬೀಟ್ ಬೆಳೆಯುವ ಅಲ್ಲಿನ ಕಣಿವೆಗಳಲ್ಲಿ ಮೆಕ್ಸಿಕೋ ಮೂಲದ ಕೂಲಿಗಳಿಗೆ ಸಸಿ ವಿರಳ ಮಾಡಲು, ಕಳೆ ತೆಗೆಯಲು ಕೊಡುತ್ತಿದ್ದದ್ದು ಗಿಡ್ಡ ಕಾವಿನ ಗುದ್ದಲಿ. ಕೂಲಿಗಳು ಅದನ್ನು ಸ್ಪ್ಯಾನಿಷಿನಲ್ಲಿ 'ಎಲ್ ಕೊರ್ತಿತೊ' ಎನ್ನುತ್ತಿದ್ದರು. ಅದನ್ನು ಹಿಡಿದರೆ ದಿನವಿಡೀ ಸೊಂಟ ಮಡಿಸಿಯೇ ಸಾಲು ಹಿಡಿದು ಹೋಗಬೇಕು. ಉದ್ದ ಕಾವು ಹಾಕಿದರೆ ಬೆಳೆ ಹಾಳಾಗುತ್ತದೆ, ಸಸಿ ಕಡಿದುಹೋಗುತ್ತದೆ ಎಂದು ಜಮೀನುದಾರರು ವಾದಿಸಿದರು. ಕೂಲಿಗಳು ಹೇಳುತ್ತಿದ್ದ ಕಾರಣ ಬೇರೆ: ಎಲ್ಲರೂ ಬಗ್ಗಿರುವ ಹೊಲದಲ್ಲಿ ಒಬ್ಬ ನೆಟ್ಟಗೆ ನಿಂತರೆ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತದೆ. ಕೃಷಿಕೂಲಿಗಳ ನಾಯಕ ಸೀಸರ್ ಚಾವೆಜ್ ಸ್ವತಃ ಆ ಗುದ್ದಲಿ ಹಿಡಿದು ದುಡಿದವರು, ಬೆನ್ನುನೋವಿನಿಂದ ನರಳಿದವರು. ಮೌರಿಸ್ ಜೋರ್ಡೇನ್ ಎಂಬ ಯುವ ವಕೀಲ 1972ರಲ್ಲಿ ರಾಜ್ಯದ ಔದ್ಯೋಗಿಕ ಸುರಕ್ಷತಾ ವಿಭಾಗಕ್ಕೆ ಅರ್ಜಿ ಹಾಕಿದರು. ವೈದ್ಯರು ಬಂದು ಸಾಕ್ಷಿ ನುಡಿದರು. ಗುದ್ದಲಿಯಲ್ಲಿ ದೋಷವೇನೂ ಇಲ್ಲ, ಅದು ಮುರಿದೂ ಇಲ್ಲ, ಹಾಗಾಗಿ 'ಅಸುರಕ್ಷಿತ ಸಲಕರಣೆ' ಅಲ್ಲ ಎಂಬ ಅರ್ಥದಲ್ಲಿ ವಿಭಾಗ ಅರ್ಜಿ ತಳ್ಳಿಹಾಕಿತು. ರಾಜ್ಯದ ಸುಪ್ರೀಂ ಕೋರ್ಟು 1975ರ ಜನವರಿಯಲ್ಲಿ ಆ ವಾದವನ್ನು ಒಪ್ಪಲಿಲ್ಲ: ಸಲಕರಣೆಯನ್ನು ಬಳಸುವ ರೀತಿಯೇ ಅಪಾಯ ತಂದರೆ ಅದೂ ಅಸುರಕ್ಷಿತವೇ. ಅದೇ ವರ್ಷ ಗಿಡ್ಡ ಗುದ್ದಲಿ ನಿಷೇಧವಾಯಿತು. ಬೆಳೆ ಹಾಳಾಗಲಿಲ್ಲ. ಕೆಲವು ಕಡೆ ಗುದ್ದಲಿ ಕಸಿದು ಬರಿಗೈಯಲ್ಲಿ ಕಳೆ ಕೀಳಿಸುವ ಉಪಾಯ ಹುಡುಕಿದರು. ಅದಕ್ಕೂ ಮೂಗುದಾರ ಹಾಕುವ ನಿಯಮ ಬರಲು 2004ರವರೆಗೆ ಕಾಯಬೇಕಾಯಿತು.

ಆ ತೀರ್ಪು ಓದುವಾಗ ನಮ್ಮ ಹೊಲಗಳು ನೆನಪಾಗದೆ ಇರುವುದಿಲ್ಲ. ಎತ್ತು ಹೂಡಿದ ಎಡೆಕುಂಟೆ ಗಂಡಸಿನದು, ನಿಂತು ನಡೆಸುವುದು. ಕುರ್ಪಿ ಹೆಂಗಸಿನದು, ಕೂತು ಬಗ್ಗಿ ಕೀಳುವುದು. ಭತ್ತದ ನಾಟಿಯೂ ಹೆಚ್ಚಾಗಿ ಅವರದೇ, ಕೆಸರಿನಲ್ಲಿ ಮಂಡಿಯ ಮಟ್ಟಕ್ಕೆ ತಲೆ ತಂದು ಹಿಮ್ಮುಖವಾಗಿ ಸರಿಯುತ್ತ. ಸೈಕಲ್ ಚಕ್ರದ ಎಡೆಕುಂಟೆ, ಗದ್ದೆಯಲ್ಲಿ ತಳ್ಳಿಕೊಂಡು ಹೋಗುವ ಕೋನೋ ವೀಡರ್ ಎಲ್ಲ ಬಂದಿವೆ. ಆದರೆ ನಿಂತು ಮಾಡುವ ಸಲಕರಣೆ ಬಂದ ಕೂಡಲೇ ಅದು ಗಂಡಸಿನ ಕೈಗೆ ಹೋಗುವ ಚಾಳಿ ಇದೆ. ಪೇಟೆಯಲ್ಲಿ ಪೌರಕಾರ್ಮಿಕರ ಕಡ್ಡಿಪೊರಕೆ ನೋಡಿ. ಎಷ್ಟೋ ಕಡೆ ಅವರೇ ಬಿದಿರಿನ ಗಳು ಹುಡುಕಿ ಪೊರಕೆಗೆ ಬಿಗಿದು ಉದ್ದ ಮಾಡಿಕೊಂಡಿರುತ್ತಾರೆ. ಟೆಂಡರು ಬರೆಯುವವರು ಪೊರಕೆಯ ತೂಕ ಬರೆದಂತೆ ಹಿಡಿಕೆಯ ಉದ್ದವನ್ನೂ ಬರೆದರೆ ಕಾರ್ಮಿಕರಿಗೆ ಆ ಕೆಲಸ ತಪ್ಪುತ್ತದೆ. ನಿಂತಾಗ ಹಿಡಿಕೆಯ ತುದಿ ಎದೆ ಮತ್ತು ಭುಜದ ನಡುವೆ ಬರಬೇಕು, ಅಷ್ಟೇ ಅಳತೆ. ಮನೆಗೆಲಸಕ್ಕೆ ಬರುವವರಿಗೆ ನೆಲ ಒರೆಸಲು ಬರಿ ಬಟ್ಟೆ ಕೊಟ್ಟು, ಕೋಲಿನ ಮಾಪಿನಲ್ಲಿ ಒರೆಸಿದರೆ ಸ್ವಚ್ಛವಾಗುವುದಿಲ್ಲ ಎನ್ನುವ ಮಾತೂ ಲೆಟ್ಯೂಸ್ ಜಮೀನುದಾರರ ವಾದದ ಮೊಮ್ಮಗುವೇ.

ಪೊರಕೆ ಹಿಡಿಯುವ ಹೊತ್ತಿನ ವಿಷಯದಲ್ಲಿ ಇನ್ನೊಂದು ಸಂಗತಿ. ಡಿಸ್ಕಿಗೆ ದೊಡ್ಡವರಾದ ಮೇಲೆ ಸ್ವಂತ ರಕ್ತನಾಳಗಳಿಲ್ಲ. ಸುತ್ತಲಿನಿಂದ ದ್ರವ ಹೀರಿಕೊಂಡೇ ಅದು ಬದುಕಬೇಕು. ರಾತ್ರಿ ಮಲಗಿದಾಗ ಹೀರಿ ಉಬ್ಬುತ್ತದೆ. ಬೆಳಿಗ್ಗೆ ಎದ್ದಾಗ ನಾವೆಲ್ಲ ಒಂದು ಸೆಂ.ಮೀ.ಗಿಂತ ತುಸು ಹೆಚ್ಚೇ ಎತ್ತರ. ಉಬ್ಬಿದ ಡಿಸ್ಕನ್ನು ಬಗ್ಗಿಸಿದರೆ ಅದರ ಮೇಲಿನ ಎಳೆತ ಸಂಜೆಗಿಂತ ತುಂಬ ಜಾಸ್ತಿ. ಎದ್ದ ಮೊದಲ ಒಂದೆರಡು ಗಂಟೆ ಬಗ್ಗುವುದನ್ನು ಬಿಟ್ಟವರಲ್ಲಿ ಹಳೆಯ ಸೊಂಟನೋವು ಕಡಿಮೆಯಾದದ್ದನ್ನು 1998ರಲ್ಲಿ ಸ್ನೂಕ್ ಮತ್ತು ಸಂಗಡಿಗರು ತೋರಿಸಿದರು. ನಮ್ಮಲ್ಲಿ ಬೀದಿ ಗುಡಿಸುವುದು, ಅಂಗಳ ಸಾರಿಸುವುದು, ಹಾಲು ಕರೆಯುವುದು, ತರಕಾರಿ ಮಂಡಿಯ ಲೋಡು ಇಳಿಸುವುದು ಎಲ್ಲವೂ ಆ ಹೊತ್ತಿನಲ್ಲೇ. ಹೊತ್ತು ಬದಲಾಯಿಸುವುದು ಎಲ್ಲರ ಕೈಯಲ್ಲಿಲ್ಲ. ಮೊದಲ ಅರ್ಧ ತಾಸಿಗೆ ನಿಂತು ಮಾಡುವ ಕೆಲಸ ಇಟ್ಟುಕೊಂಡು ಬಗ್ಗುವ ಕೆಲಸವನ್ನು ಹಿಂದಕ್ಕೆ ಹಾಕುವುದು ಬಹುಶಃ ಸಾಧ್ಯ. ತುಂಬ ಹೊತ್ತು ಬಗ್ಗಿಯೇ ಇದ್ದರೆ ಬೆನ್ನಿನ ಹಿಂದಿನ ಅಸ್ಥಿರಜ್ಜುಗಳು ನಿಧಾನವಾಗಿ ಹಿಗ್ಗಿ ಸಡಿಲಗೊಳ್ಳುತ್ತವೆ, ಮತ್ತೆ ಬಿಗಿಯಾಗಲು ಸಮಯ ಬೇಕು. ಕಳೆ ಕಿತ್ತು ಎದ್ದವಳು ಆ ಕ್ಷಣವೇ ಹುಲ್ಲಿನ ಹೊರೆ ಎತ್ತಬಾರದು. ಎರಡು ಗಂಟೆ ಗೂಡ್ಸ್ ಗಾಡಿ ಓಡಿಸಿ ಇಳಿದ ಚಾಲಕ ಆ ಕೂಡಲೇ ಸಾಮಾನು ಇಳಿಸಬಾರದು. ನಾಲ್ಕು ಹೆಜ್ಜೆ ಓಡಾಡಿ, ನೀರು ಕುಡಿದು ಶುರುಮಾಡಲಿ. ಚಾಲಕನಿಗೆ ಇನ್ನೊಂದು ಹೊಡೆತ ಕಂಪನದ್ದು: ಕೂತ ಮನುಷ್ಯನ ಬೆನ್ನುಮೂಳೆ ಸೆಕೆಂಡಿಗೆ ಸುಮಾರು 4ರಿಂದ 6 ಬಾರಿ ಅದುರುವ ಕಂಪನಕ್ಕೆ ತಾನೂ ಜೊತೆಗೂಡಿ ಹೆಚ್ಚು ಕುಣಿಯುತ್ತದೆ, ನಮ್ಮ ರಸ್ತೆಯ ಮೇಲೆ ಲಾರಿ, ಬಸ್ಸು ಕೊಡುವ ಕಂಪನ ಹೆಚ್ಚಾಗಿ ಆ ಆಸುಪಾಸಿನದೇ. ಸೀಟಿನ ಸ್ಪ್ರಿಂಗು ಸರಿಮಾಡಿಸುವುದು ಐಷಾರಾಮವಲ್ಲ.

ಕಂಪ್ಯೂಟರಿನ ಮುಂದೆ ಕೂರುವವರ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಮಾರಾಟಕ್ಕೆ ಕುರ್ಚಿಗಳೂ ಬೇಕಾದಷ್ಟಿವೆ. 1960ರ ದಶಕದಲ್ಲಿ ಸ್ವೀಡನ್ನಿನ ನಾಕೆಮ್ಸನ್ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡ ಅಳೆದು, ಕೂತಾಗ ನಿಂತದ್ದಕ್ಕಿಂತ ಹೆಚ್ಚು ಎಂದಿದ್ದರು. 1999ರಲ್ಲಿ ಜರ್ಮನಿಯ ವಿಲ್ಕೆ ತಂಡ ಮತ್ತೆ ಅಳೆದಾಗ ಆರಾಮವಾಗಿ ಒರಗಿ ಕೂತರೆ ಕಡಿಮೆಯೇ ಇತ್ತು. ಹಾಗಾಗಿ ಕೂರುವುದೇ ವಿಷ ಎಂದು ಹೆದರಬೇಕಿಲ್ಲ. ಒಂದೇ ಭಂಗಿಯಲ್ಲಿ ತಾಸುಗಟ್ಟಲೆ ಇರಬಾರದು. ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಒರಗು ಇಲ್ಲದ ಸ್ಟೂಲಿನ ಮೇಲೆ ಕೂತು, ಮುಂದಕ್ಕೆ ಬಾಗಿ, ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ಟಿನಲ್ಲಿ ಹೊಲಿಯುವವರಿಗೆ ಎದ್ದು ಓಡಾಡಿ ಎನ್ನುವ ಸಲಹೆ ತಲುಪಬೇಕಾದರೆ ಮೊದಲು ಲೈನ್ ಸೂಪರ್‌ವೈಸರನ್ನು ದಾಟಬೇಕು.

ಎಲ್ಲ ಸೊಂಟನೋವಿಗೂ ತೂಕವೇ ಕಾರಣವೆಂದರೆ ಅದೂ ಸುಳ್ಳಾಗುತ್ತದೆ. ಬೋಯಿಂಗ್ ವಿಮಾನ ಕಾರ್ಖಾನೆಯ 3,000ಕ್ಕೂ ಹೆಚ್ಚು ನೌಕರರನ್ನು ಅಭ್ಯಸಿಸಿದ 1991ರ ವರದಿಯಲ್ಲಿ, ಯಾರು ಮುಂದೆ ಸೊಂಟನೋವಿನ ದೂರು ಕೊಡುತ್ತಾರೆ ಎಂಬುದನ್ನು ಎತ್ತುವ ಭಾರಕ್ಕಿಂತ ಕೆಲಸದ ಬಗ್ಗೆ ಇದ್ದ ಬೇಸರ ಹೆಚ್ಚು ಚೆನ್ನಾಗಿ ಸೂಚಿಸಿತ್ತು. ನೋವು ಮನಸ್ಸಿನದು ಎಂದು ಇದರ ಅರ್ಥವಲ್ಲ. ಬೈಗುಳ ತಿನ್ನುತ್ತ, ನಾಳೆ ಕೆಲಸ ಇರುತ್ತದೋ ಇಲ್ಲವೋ ಎನ್ನುತ್ತ ದುಡಿಯುವವನ ಬೆನ್ನು ಸಣ್ಣ ಪೆಟ್ಟಿನಿಂದಲೂ ಬೇಗ ಚೇತರಿಸಿಕೊಳ್ಳುವುದಿಲ್ಲ.

ಇಷ್ಟೆಲ್ಲ ಆಗಿಯೂ ಒಂದು ದಿನ ಟೊಂಕ ಹಿಡಿದುಕೊಳ್ಳುತ್ತದೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನ ಸೊಂಟನೋವಿನವರಿದ್ದರು ಎಂಬುದು ಅಂದಾಜು, ಆದ್ದರಿಂದ ಒಂಟಿ ಎಂದುಕೊಳ್ಳಬೇಕಿಲ್ಲ. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಳ್ಳುವ ಪದ್ಧತಿ ಇನ್ನೂ ಕೆಲವೆಡೆ ಉಳಿದಿದೆ. ಅದಕ್ಕಿಂತ ಹೆಚ್ಚು ಹಾನಿ ಮಾಡಿರುವುದು ಹದಿನೈದು ದಿನ ಹಾಸಿಗೆ ಬಿಟ್ಟು ಏಳಬೇಡ ಎನ್ನುವ ಸಲಹೆ. ಹೆಲ್ಸಿಂಕಿ ನಗರಸಭೆಯ ನೌಕರರ ಮೇಲೆ ನಡೆದ 1995ರ ಪ್ರಯೋಗದಲ್ಲಿ ಎರಡೇ ದಿನ ಮಲಗಿದವರಿಗಿಂತ, ನೋವು ತಡೆಯುವಷ್ಟು ಮಟ್ಟಿಗೆ ದಿನನಿತ್ಯದ ಓಡಾಟ ಮುಂದುವರಿಸಿದವರೇ ಬೇಗ ಗುಣವಾದರು. ಸ್ಕ್ಯಾನಿಗೂ ಓಡಬೇಕಿಲ್ಲ. ನೋವೇ ಇಲ್ಲದ 98 ಮಂದಿಯನ್ನು ಎಂ.ಆರ್.ಐ. ಮಾಡಿ ನೋಡಿದ 1994ರ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಎಲ್ಲಾದರೂ ಒಂದು ಡಿಸ್ಕ್ ಉಬ್ಬಿತ್ತು. ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು ಬೇರೆ: ಕಾಲು ಸೋಲುವುದು, ತೊಡೆಸಂದಿಯಲ್ಲಿ ಮರಗಟ್ಟುವುದು, ಮೂತ್ರ ಮಲದ ಹಿಡಿತ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಮೇಲೆ ಬಂದ ನೋವು.

ಇಟಲಿಯ ವೈದ್ಯ ರಮಾಝಿನಿ 1700ರಲ್ಲಿ ಕಸುಬುಗಳ ಕಾಯಿಲೆಗಳ ಮೇಲೆ ಬರೆದ ಗ್ರಂಥದಲ್ಲಿ, ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆ ನೀನು ಮಾಡುವ ಕೆಲಸ ಯಾವುದು ಎಂಬುದನ್ನೂ ಸೇರಿಸಿಕೊಳ್ಳಬೇಕು ಎಂದಿದ್ದ. ನಮ್ಮ ಹೊರರೋಗಿ ವಿಭಾಗದ ಉದ್ದ ಸಾಲಿನಲ್ಲಿ ಅದನ್ನು ಕೇಳುವ ಬಿಡುವು ವೈದ್ಯರಿಗೆ ಸಿಗುವುದು ಕಡಿಮೆ. ಕೇಳಿದರೂ ಚೀಟಿಯಲ್ಲಿ ಬೀಳುವುದು ನೋವಿನ ಮಾತ್ರೆ ಮತ್ತು 'ಸಂಪೂರ್ಣ ವಿಶ್ರಾಂತಿ'. ದಿನಗೂಲಿಯವನಿಗೆ ಅದರರ್ಥ ಕೂಲಿ ಇಲ್ಲ ಎಂದು. ಅವನು ಮಾತ್ರೆ ನುಂಗಿ ಮರುದಿನವೇ ಮೂಟೆಗೆ ಬೆನ್ನು ಕೊಡುತ್ತಾನೆ. ಅದರ ಬದಲು 'ಮೂರು ವಾರ ನೆಲದಿಂದ ಎತ್ತುವುದು ಬೇಡ, 10 ಕೆ.ಜಿ. ಮೀರಿ ಹೊರುವುದು ಬೇಡ, ನಿಂತು ಮಾಡುವ ಕೆಲಸ ಕೊಡಿ' ಎಂದು ಬರೆದರೆ ಅದನ್ನು ಮುಕಾದಮನಿಗೆ ತೋರಿಸಬಹುದು. ಗ್ಯಾಂಗಿನವರು ಕೂಲಿಯನ್ನು ಸಮನಾಗಿ ಹಂಚಿಕೊಳ್ಳುವ ಕಡೆ ಅಂಥವನನ್ನು ಚೀಲ ಹೊಲಿಯಲು, ತೂಕ ಬರೆದುಕೊಳ್ಳಲು ಹಚ್ಚುವುದು ಕಷ್ಟವೇನಲ್ಲ.